ಕುಡಿತ ಬಿಡಲು ಯಾವ ಔಷಧ: ಎಂಇಎಐ ಎಂಬ ಹೊಸ ಸಂಯುಕ್ತವನ್ನೂ ಈಗ ಸಿಗುವ ಮಾತ್ರೆಗಳನ್ನೂ ಹೋಲಿಸುವ ಮಾರ್ಗದರ್ಶಿ

ಮದ್ಯದ ಚಟಕ್ಕೆ ಔಷಧವೇನಾದರೂ ಇದೆಯೇ ಎಂದು ವಿಚಾರಿಸುವವರಿಗೆ ಇಂದು ಸಿಗುವ ಉತ್ತರಗಳಲ್ಲಿ ಎಪ್ಪತ್ತು ವರ್ಷಕ್ಕೂ ಹಳೆಯದಾದ ಮಾತ್ರೆಯೂ ಇದೆ, ಮನುಷ್ಯರ ಮೇಲಿನ ಆರಂಭಿಕ ಹಂತದ ಪರೀಕ್ಷೆಯನ್ನೇ ಇನ್ನೂ ಎದುರಿಸುತ್ತಿರುವ ಸಂಯುಕ್ತವೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಸುದ್ದಿಗಳನ್ನು ಓದಿ, ಹೊಸದು ಬರುವವರೆಗೆ ಕಾಯೋಣ ಎಂದು ಚಿಕಿತ್ಸೆಯನ್ನು ಮುಂದೂಡುವವರಿದ್ದಾರೆ. ವಿದೇಶದ ಜಾಲತಾಣದಿಂದ ಪುಡಿ ತರಿಸಿಕೊಳ್ಳಲು ಹೊರಡುವವರೂ ಇದ್ದಾರೆ. ಕುಡಿತ ಬಿಡಬೇಕೆಂದು ತಾವೇ ಬಯಸಿರುವವರನ್ನೂ ಅವರ ಜೊತೆಗೆ ಆಸ್ಪತ್ರೆಗೆ ಹೋಗಲಿರುವ ಮನೆಯವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ಇಲ್ಲಿ ಕೊಟ್ಟಿರುವ ಪ್ರಮಾಣಗಳು ವೈದ್ಯರ ಮಾತು ಅರ್ಥವಾಗಲೆಂದು ಮಾತ್ರ. ಔಷಧವನ್ನೂ ಅದರ ಪ್ರಮಾಣವನ್ನೂ ಅವರೇ ನಿರ್ಧರಿಸಬೇಕು.

ಔಷಧಗಳ ಹೋಲಿಕೆಗೆ ಮುನ್ನ ತೀರ್ಮಾನವಾಗಬೇಕಾದ ವಿಷಯ ಒಂದಿದೆ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗತೊಡಗುತ್ತದೆ, ಚಹಾದ ಲೋಟ ಬಾಯಿಗೆ ಮುಟ್ಟುವ ಮುನ್ನವೇ ತುಳುಕುತ್ತದೆ, ಬೆವರು, ವಾಕರಿಕೆ, ನಿದ್ರೆಯಿಲ್ಲದ ರಾತ್ರಿ ಒಂದರ ಹಿಂದೆ ಒಂದು ಬರುತ್ತವೆ. ಕೆಲವರಿಗೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ; ಎರಡರಿಂದ ನಾಲ್ಕನೆಯ ದಿನದೊಳಗೆ ಕಾಣಿಸಿಕೊಳ್ಳುವ ಸನ್ನಿ, ಅಂದರೆ ಇಲ್ಲದ್ದು ಕಾಣುವುದು, ಹೊತ್ತುಗೊತ್ತು ತಿಳಿಯದಾಗುವುದು, ಜ್ವರ, ಎದೆಬಡಿತದ ಏರಿಕೆ, ಪ್ರಾಣಕ್ಕೇ ಎರವಾಗಬಲ್ಲದು. ಈ ಲೇಖನದಲ್ಲಿ ಹೋಲಿಸಿರುವ ಯಾವ ಔಷಧವೂ ಈ ಘಟ್ಟವನ್ನು ದಾಟಿಸುವುದಕ್ಕೆಂದು ಇರುವುದಲ್ಲ. ಅದಕ್ಕೆ ಕ್ಲೋರ್‌ಡಯಾಜೆಪಾಕ್ಸೈಡ್, ಯಕೃತ್ತು ಕೆಟ್ಟಿದ್ದರೆ ಲೋರಾಜೆಪಾಮ್, ಇವುಗಳನ್ನು ವೈದ್ಯರ ನಿಗಾದಲ್ಲಿ ಕೆಲವು ದಿನ ಕೊಟ್ಟು ಕ್ರಮವಾಗಿ ಇಳಿಸುತ್ತಾರೆ. ಮೆದುಳಿಗೆ ಶಾಶ್ವತ ಹಾನಿಯಾಗದಂತೆ ಥಯಮಿನ್ ಎಂಬ ಬಿ1 ಜೀವಸತ್ವವನ್ನೂ ಕೊಡುತ್ತಾರೆ. ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಅಥವಾ ಸನ್ನಿ ಬಂದಿದ್ದವರು ಮನೆಯಲ್ಲೇ ಬಿಡುವ ಪ್ರಯತ್ನ ಮಾಡಬಾರದು. ಕೆಳಗಿನ ಹೋಲಿಕೆಯೆಲ್ಲ ಈ ಘಟ್ಟ ದಾಟಿದ ನಂತರದ, ಮತ್ತೆ ಕುಡಿತಕ್ಕೆ ಬೀಳದಿರುವ ತಿಂಗಳುಗಳಿಗೆ ಸಂಬಂಧಿಸಿದ್ದು.

ಎಂಇಎಐ: ಭರವಸೆ ಎಲ್ಲಿದೆ, ಪುರಾವೆ ಎಲ್ಲಿಗೆ ನಿಂತಿದೆ

5-ಮಿಥಾಕ್ಸಿ-2-ಅಮೈನೊಇಂಡೇನ್ ಎಂಬ ಉದ್ದ ಹೆಸರಿನ ಸಂಕ್ಷಿಪ್ತ ರೂಪವೇ ಎಂಇಎಐ. ಇದು ಅಮೈನೊಇಂಡೇನ್ ಎಂಬ ರಾಸಾಯನಿಕ ಕುಟುಂಬಕ್ಕೆ ಸೇರಿದ್ದು. ಮನಸ್ಸಿನ ಮೇಲೆ ಪರಿಣಾಮ ಬೀರುವ ಇದೇ ಕುಟುಂಬದ ಬೇರೆ ಕೆಲವು ಸಂಯುಕ್ತಗಳು ಯುರೋಪಿನಲ್ಲಿ ಕಾನೂನಿನ ಕಣ್ಣಿಗೆ ಬೀಳುವ ಮುನ್ನ ಪಾರ್ಟಿಗಳ ಮಾದಕವಸ್ತುಗಳಾಗಿ ಮಾರಾಟವಾಗಿದ್ದವು. ಎಂಇಎಐಯನ್ನು ಮದ್ಯಕ್ಕೆ ಪರ್ಯಾಯವಾಗಿ ಮುಂದಿಟ್ಟವರು ಇಸ್ರೇಲ್‌ನ ರಸಾಯನವಿಜ್ಞಾನಿ ಎಜೆಕಿಯೆಲ್ ಗೋಲನ್. ಸೌಮ್ಯವಾದ ಅಮಲಿನಂತಹ ನೆಮ್ಮದಿಯನ್ನು ಇದು ಕೊಡುತ್ತದೆ, ಜೊತೆಗೆ ಇನ್ನೊಂದು ಲೋಟ ಬೇಕೆನ್ನುವ ಆಸೆಯನ್ನೇ ಕುಂದಿಸುತ್ತದೆ ಎಂಬುದು ಅದನ್ನು ಸೇವಿಸಿದವರ ಅನುಭವದ ಆಧಾರದ ಮೇಲೆ ಮೊದಲು ಕೇಳಿಬಂದ ಮಾತು. ಬ್ರಿಟನ್ನಿನ ಹೆಸರಾಂತ ಔಷಧವಿಜ್ಞಾನಿ ಡೇವಿಡ್ ನಟ್ ಇದರಲ್ಲಿ ಆಸಕ್ತಿ ವಹಿಸಿದ ಮೇಲೆ ಇದು ಪತ್ರಿಕೆಗಳಿಗೂ ಬಂತು.

ಈ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಗುರಿ. ಮಿತಿಮೀರಿ ಕುಡಿಯುವ ಅನೇಕರಿಗೆ ಮೊದಲ ಪೆಗ್ ಅಷ್ಟು ದೊಡ್ಡ ಸಮಸ್ಯೆಯಲ್ಲ. ಎರಡನೆಯದರ ನಂತರ ನಿಲ್ಲಿಸಲಾಗದಿರುವುದೇ ಅವರ ಸಮಸ್ಯೆ. ಹೊಟ್ಟೆ ತುಂಬಿದಾಗ ಊಟ ಸಾಕೆನಿಸುವ ಹಾಗೆ ಮದ್ಯವೂ ಸಾಕೆನಿಸುವಂತೆ ಮಾಡುವ ಔಷಧ ನಿಜವಾಗಿಯೂ ಸಿದ್ಧವಾದರೆ, ಪೂರ್ತಿ ಬಿಡಲು ಮನಸ್ಸಿಲ್ಲವೆಂಬ ಒಂದೇ ಕಾರಣಕ್ಕೆ ಆಸ್ಪತ್ರೆಯ ಕಡೆಗೆ ಮುಖ ಮಾಡದ ದೊಡ್ಡ ಸಮುದಾಯಕ್ಕೆ ಅದು ಬಾಗಿಲು ತೆರೆದೀತು. ಹಾಗಾಗಿ ಈ ಸಂಯುಕ್ತವನ್ನು ಸುಳ್ಳು ಆಸೆಯೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ಪುರಾವೆಯ ವಿಷಯಕ್ಕೆ ಬಂದರೆ ಚಿತ್ರ ತೀರಾ ತೆಳುವಾಗಿದೆ. 2017ರಲ್ಲಿ ಪ್ರಕಟವಾದ ವಿಷಪರಿಣಾಮದ ಅಧ್ಯಯನವೂ 2018ರಲ್ಲಿ ಬಂದ, ದೇಹದಲ್ಲಿ ಅದರ ಚಲನೆಯನ್ನು ಗಮನಿಸಿದ ಅಧ್ಯಯನವೂ ಇಲಿಗಳನ್ನೂ ಪ್ರಯೋಗಾಲಯದ ಜೀವಕೋಶಗಳನ್ನೂ ಆಧರಿಸಿದವು; ಸುರಕ್ಷತೆಯ ದೃಷ್ಟಿಯಿಂದ ಮುಂದುವರಿಯಬಹುದು ಎಂಬಷ್ಟನ್ನು ಅವು ಹೇಳಿದವು. ಸಂಯುಕ್ತದ ಪೇಟೆಂಟ್ ಹಿತಾಸಕ್ತಿಯುಳ್ಳ ಗೋಲನ್ ಅವರೇ ಆ ಅಧ್ಯಯನಗಳ ಲೇಖಕರಲ್ಲಿ ಒಬ್ಬರು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಇದರ ನಡುವೆ ಕೆನಡಾದಲ್ಲಿ ‘ಪೇಸ್’ ಎಂಬ ಪಾನೀಯದ ರೂಪದಲ್ಲಿ ಎಂಇಎಐ ಮಾರಾಟಕ್ಕೂ ಬಂದಿತ್ತು. ಅನುಮತಿಯಿಲ್ಲದ ಈ ಉತ್ಪನ್ನದ ಬಗ್ಗೆ ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ನೀಡಬೇಕಾಯಿತು. ಈಗ ವ್ಯಾಂಕೂವರ್‌ನ ಕ್ಲಿಯರ್‌ಮೈಂಡ್ ಮೆಡಿಸಿನ್ ಕಂಪನಿ ಅದನ್ನೇ ಸಿಎಂಎನ್‌ಡಿ-100 ಎಂಬ ಕ್ಯಾಪ್ಸೂಲ್ ಆಗಿ ರೂಪಿಸಿ, ಅಮೆರಿಕದ ಯೇಲ್ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳೂ ಇಸ್ರೇಲ್‌ನ ಆಸ್ಪತ್ರೆಗಳೂ ಸೇರಿರುವ ಆರಂಭಿಕ ಹಂತದ ಪರೀಕ್ಷೆಯನ್ನು ಕೈಗೆತ್ತಿಕೊಂಡಿದೆ. ಇಂತಹ ಹಂತದ ಮುಖ್ಯ ಪ್ರಶ್ನೆ ದೇಹ ಇದನ್ನು ತಾಳಿಕೊಳ್ಳುತ್ತದೆಯೇ, ಎಷ್ಟು ಪ್ರಮಾಣದವರೆಗೆ ಎಂಬುದು. ಕುಡಿತ ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂಬುದಕ್ಕೆ ನೂರಾರು ಜನರನ್ನು ತಿಂಗಳುಗಟ್ಟಲೆ ಹುಸಿಮಾತ್ರೆಯ ಗುಂಪಿನೊಂದಿಗೆ ಹೋಲಿಸಿ ನೋಡುವ ಮುಂದಿನ ಹಂತಗಳೇ ಉತ್ತರಿಸಬೇಕು.

ಅದರ ಜೊತೆಗೆ ನನಗೆ ಇನ್ನೂ ಒಂದು ಆತಂಕವಿದೆ. ತಾನೇ ಹಿತವಾದ ಅಮಲು ಕೊಡುವ ವಸ್ತುವಿಗೆ ಜನ ಅಂಟಿಕೊಳ್ಳುವುದಿಲ್ಲವೇ? ಮದ್ಯದ ಜೊತೆಗೇ ಅದನ್ನು ಸೇವಿಸಿದರೆ ಹೃದಯ ಮತ್ತು ರಕ್ತದೊತ್ತಡದ ಗತಿಯೇನು? ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಕುಡಿತದ ಚಟದವರಲ್ಲಿ ಇಂತಹವರು ಬಹಳ ಮಂದಿ, ಅದು ಹೊಂದುತ್ತದೆಯೇ? ಇವುಗಳಿಗೆ ಉತ್ತರ ಬರುವ ಮುನ್ನ ಜಾಲತಾಣದಲ್ಲಿ ಸಿಗುವ ಪುಡಿಯನ್ನು ನಂಬುವುದೆಂದರೆ, ಅದರಲ್ಲಿ ಏನಿದೆ, ಎಷ್ಟಿದೆ ಎಂಬುದೂ ಗೊತ್ತಿಲ್ಲದೆ ತನ್ನ ಮೈಯನ್ನೇ ಪ್ರಯೋಗಕ್ಕೆ ಒಡ್ಡಿದಂತೆ.

ಡೈಸಲ್ಫಿರಾಮ್: ಕಾವಲಿನ ಮಾತ್ರೆ

ಭಾರತದಲ್ಲಿ ಈ ಮಾತ್ರೆಯ ಬಳಕೆ ಹೆಚ್ಚು; ಅದು ಅಗ್ಗವೂ ಹೌದು, ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಹೌದು. ಹೊಟ್ಟೆಹುಳುವಿನ ಔಷಧವಾದೀತೆಂದು ಇದನ್ನು ಪರೀಕ್ಷಿಸುತ್ತಿದ್ದ ಕೋಪನ್‌ಹೇಗನ್‌ನ ಸಂಶೋಧಕರಾದ ಎರಿಕ್ ಜೇಕಬ್ಸನ್ ಮತ್ತು ಜೆನ್ಸ್ ಹಾಲ್ಡ್, ಮಾತ್ರೆ ನುಂಗಿ ಮದ್ಯ ಕುಡಿದಾಗ ತಾವೇ ಅಸ್ವಸ್ಥರಾದುದನ್ನು ಕಂಡು 1940ರ ದಶಕದ ಕೊನೆಯಲ್ಲಿ ಇದರ ಗುಣವನ್ನು ಗುರುತಿಸಿದರು. 1951ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ, ಅನಂತರ ಅಪಾಯವಿಲ್ಲದ ಅಸಿಟೇಟ್ ಆಗಿ ಮಾರ್ಪಡುತ್ತದೆ. ಎರಡನೆಯ ಹೆಜ್ಜೆಯ ಕಿಣ್ವವನ್ನು ಡೈಸಲ್ಫಿರಾಮ್ ತಡೆಹಿಡಿಯುವುದರಿಂದ, ಮಾತ್ರೆಯ ಮೇಲೆ ಕುಡಿದವರ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಕುಡಿದರೆ ಹೀಗಾಗುತ್ತದೆಂಬ ಅರಿವೇ ಇಲ್ಲಿ ಔಷಧದ ಅರ್ಧ ಭಾಗ. ಸಾಮಾನ್ಯ ಪ್ರಮಾಣ ದಿನಕ್ಕೆ 250 ಮಿಲಿಗ್ರಾಂ. ಕೊನೆಯ ಮದ್ಯದ ನಂತರ ಕನಿಷ್ಠ 12 ಗಂಟೆ ಕಳೆಯದೆ ಆರಂಭಿಸುವಂತಿಲ್ಲ, ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು.

ಈ ಮಾತ್ರೆ ಗೆಲ್ಲುವುದೂ ಸೋಲುವುದೂ ಮನೆಯಲ್ಲಿ. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ವರ್ಷದ ಅಧ್ಯಯನದಲ್ಲಿ, ಮನೆಯವರ ಬೆಂಬಲವಿದ್ದ 100 ಪುರುಷರನ್ನು ಎರಡು ಗುಂಪು ಮಾಡಿ ಡೈಸಲ್ಫಿರಾಮ್ ಅಥವಾ ಮುಂದೆ ವಿವರಿಸಿರುವ ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಕೊಟ್ಟು ನೋಡಿದಾಗ, ಡೈಸಲ್ಫಿರಾಮ್ ಗುಂಪಿನ ಶೇಕಡಾ 86 ಮಂದಿ ಮದ್ಯದಿಂದ ದೂರ ಉಳಿದಿದ್ದರೆ ನಾಲ್ಟ್ರೆಕ್ಸೋನ್ ಗುಂಪಿನಲ್ಲಿ ಹಾಗೆ ಉಳಿದವರು ಶೇಕಡಾ 44. ಕುಡಿಯಬೇಕೆಂಬ ತುಡಿತ ಮಾತ್ರ ನಾಲ್ಟ್ರೆಕ್ಸೋನ್ ಪಡೆದವರಲ್ಲೇ ಕಡಿಮೆಯಿತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಓದಿದರೆ ಔಷಧದ ಸ್ವಭಾವ ಸ್ಪಷ್ಟವಾಗುತ್ತದೆ: ಡೈಸಲ್ಫಿರಾಮ್ ಆಸೆಯನ್ನು ತಗ್ಗಿಸುವುದಿಲ್ಲ, ಆಸೆಯ ಮತ್ತು ಬಾಟಲಿಯ ನಡುವೆ ಕಾವಲು ನಿಲ್ಲುತ್ತದೆ. ಬೆಳಗಿನ ತಿಂಡಿಯ ಹೊತ್ತಿಗೆ ಹೆಂಡತಿಯೋ ತಾಯಿಯೋ ಅಣ್ಣನೋ ಎದುರಿಗೆ ಕುಳಿತು ಮಾತ್ರೆ ಕೊಡುವ, ಅದನ್ನು ಕುಡಿತ ಬಿಡುತ್ತಿರುವವರು ಮನಸಾರೆ ಒಪ್ಪಿ ನುಂಗುವ ಮನೆಗಳಲ್ಲಿ ಇದಕ್ಕೆ ಬಲವಿದೆ. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿ ಇರುವವರ ಕೈಗೆ ಸ್ಟ್ರಿಪ್ ಕೊಟ್ಟು ಕಳಿಸಿದರೆ, ಕುಡಿಯಬೇಕೆನಿಸಿದ ವಾರ ಮಾತ್ರೆ ಬಿಡುವುದಕ್ಕೆ ಅವರನ್ನು ತಡೆಯುವವರು ಯಾರೂ ಇರುವುದಿಲ್ಲ.

ಬಸ್ ನಿಲ್ದಾಣದ ಗೋಡೆಗಳ ಮೇಲೆ, ಸಣ್ಣ ಜಾಹೀರಾತುಗಳಲ್ಲಿ, ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಚಟ ಬಿಡಿಸುವ ಪುಡಿಯ ಬಗ್ಗೆ ಓದದ ಕನ್ನಡಿಗರು ವಿರಳ. ಅಂತಹ ಪುಡಿಯಲ್ಲಿ ಏನಿರುತ್ತದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ಡೈಸಲ್ಫಿರಾಮನ್ನೇ ಸಾರಿನಲ್ಲಿ ಬೆರೆಸಿ ಕೊಡುವ ಮನೆಯವರೂ ಇದ್ದಾರೆ. ಅವರ ಹತಾಶೆ ನನಗೆ ಅರ್ಥವಾಗುತ್ತದೆ. ಆದರೂ ಇದನ್ನು ಎಷ್ಟು ಬಲವಾಗಿ ಬೇಡವೆಂದರೂ ಕಡಿಮೆಯೇ. ತನ್ನ ಮೈಯಲ್ಲಿ ಆ ಔಷಧವಿದೆಯೆಂದು ತಿಳಿಯದ ವ್ಯಕ್ತಿ ಎಂದಿನಂತೆ ಕ್ವಾರ್ಟರ್ ಕುಡಿಯುತ್ತಾನೆ. ಹೃದಯದ ತೊಂದರೆಯಿದ್ದರೆ ಆ ಪ್ರತಿಕ್ರಿಯೆಯಲ್ಲೇ ಸಾಯಬಹುದು. ತಿಳಿದು ತೆಗೆದುಕೊಳ್ಳುವವರೂ ಮದ್ಯಸಾರ ಬೆರೆತ ಕೆಮ್ಮಿನ ಸಿರಪ್ಪು, ಆಸವ ಮತ್ತು ಅರಿಷ್ಟಗಳಿಂದ ದೂರವಿರಬೇಕು. ಹೊಟ್ಟೆಯ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಇದನ್ನು ಸೇರಿಸಬಾರದು. ಅಪರೂಪಕ್ಕೆ ಯಕೃತ್ತಿನ ತೀವ್ರ ಉರಿಯೂತ, ಕೈಕಾಲು ಜೋಮು, ಮತಿಭ್ರಮಣೆ ಉಂಟಾಗುವುದರಿಂದ ನಿಯತವಾಗಿ ರಕ್ತಪರೀಕ್ಷೆ ಬೇಕು. ಹೃದ್ರೋಗವಿರುವವರಿಗೆ ಇದು ಸರಿಯಲ್ಲ.

ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್

ಎಂಇಎಐಯಿಂದ ಏನನ್ನು ನಿರೀಕ್ಷಿಸಲಾಗುತ್ತಿದೆಯೋ ಅದಕ್ಕೆ ಈಗ ಸಿಗುವ ಔಷಧಗಳಲ್ಲಿ ಬಹಳ ಹತ್ತಿರ ಬರುವುದು ನಾಲ್ಟ್ರೆಕ್ಸೋನ್. ಮದ್ಯ ಒಳಗೆ ಹೋದಾಗ ಮೆದುಳು ತಾನೇ ಬಿಡುಗಡೆ ಮಾಡುವ, ಅಫೀಮನ್ನು ಹೋಲುವ ವಸ್ತುಗಳು ಕೆಲಸ ಮಾಡುವ ಜಾಗವನ್ನು ಇದು ಮುಚ್ಚಿಬಿಡುತ್ತದೆ. ಹಾಗಾಗಿ ಕುಡಿದರೂ ಹಿಂದಿನ ಸುಖ ಸಿಗುವುದಿಲ್ಲ, ಒಂದರ ಮೇಲೊಂದು ಬೇಕೆನಿಸುವುದು ಕಡಿಮೆಯಾಗುತ್ತದೆ. ತಾನಾಗಿ ಅಮಲು ಕೊಡುವುದಿಲ್ಲ, ಚಟವಾಗುವುದಿಲ್ಲ. ಮದ್ಯದ ಚಟಕ್ಕೆ ಅಮೆರಿಕದಲ್ಲಿ 1994ರಿಂದ ಅನುಮತಿಯಿದೆ. ಸಾಮಾನ್ಯವಾಗಿ ದಿನಕ್ಕೊಂದು 50 ಮಿಲಿಗ್ರಾಂ ಮಾತ್ರೆ. ಅಪ್ಪಿತಪ್ಪಿ ಕುಡಿದರೂ ಡೈಸಲ್ಫಿರಾಮ್‌ನಂತೆ ಮೈಮೇಲೆ ಬೀಳದಿರುವುದರಿಂದ, ಪೂರ್ತಿ ಬಿಡುವ ನಿರ್ಧಾರಕ್ಕೆ ಇನ್ನೂ ಬಾರದವರಿಗೂ ಕೊಡಬಹುದು.

ಇದರ ಲಾಭವನ್ನು ಉತ್ಪ್ರೇಕ್ಷಿಸಬಾರದು. 118 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 11 ಮಂದಿಗೆ ಈ ಮಾತ್ರೆ ಕೊಟ್ಟರೆ, ಮಾತ್ರೆಯಿಲ್ಲದಿದ್ದರೆ ವಿಪರೀತ ಕುಡಿತಕ್ಕೆ ಮರಳುತ್ತಿದ್ದ ಒಬ್ಬರು ಉಳಿಯುತ್ತಾರೆ. ಹನ್ನೊಂದರಲ್ಲಿ ಒಬ್ಬರೆಂದರೆ ಅಲ್ಪವೆನಿಸಬಹುದು, ಆದರೆ ದೀರ್ಘಕಾಲದ ಕಾಯಿಲೆಗಳಿಗೆ ನಾವು ದಿನವೂ ನುಂಗುವ ಎಷ್ಟೋ ಮಾತ್ರೆಗಳ ಲಾಭ ಇದಕ್ಕಿಂತ ಹೆಚ್ಚೇನೂ ಇಲ್ಲ. ಮುಖ್ಯ ಎಚ್ಚರಿಕೆ ನೋವುನಿವಾರಕಗಳದು: ಟ್ರಮಡಾಲ್, ಕೊಡೀನ್ ಬೆರೆತ ಸಿರಪ್ಪು ಮುಂತಾದ ಅಫೀಮು ವರ್ಗದ ಔಷಧ ತೆಗೆದುಕೊಳ್ಳುತ್ತಿರುವವರಿಗೆ ನಾಲ್ಟ್ರೆಕ್ಸೋನ್ ಕೊಟ್ಟರೆ ತೀವ್ರ ಸಂಕಟ ಶುರುವಾಗುತ್ತದೆ, ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದರೆ ಅರಿವಳಿಕೆ ವೈದ್ಯರಿಗೆ ಇದನ್ನು ಮೊದಲೇ ತಿಳಿಸಬೇಕು. ಯಕೃತ್ತು ಸೋತಿರುವವರಿಗೆ ಇದು ಬೇಡ.

ಅಕಾಂಪ್ರೊಸೇಟ್‌ನ ಪಾತ್ರ ಬೇರೆ. ಈಗಾಗಲೇ ಕುಡಿತ ನಿಲ್ಲಿಸಿರುವವರ ಮೆದುಳಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಚಡಪಡಿಕೆ ಮತ್ತು ನಿದ್ರಾಹೀನತೆಯನ್ನು ಶಮನಗೊಳಿಸಿ, ಬಿಟ್ಟಿದ್ದನ್ನು ಬಿಟ್ಟಂತೆಯೇ ಉಳಿಸಲು ಅದು ನೆರವಾಗುತ್ತದೆ. ಅದೇ ವಿಶ್ಲೇಷಣೆಯಲ್ಲಿ, ಒಂದು ಹನಿಯನ್ನೂ ಮುಟ್ಟದಿರುವ ಗುರಿಯ ಲೆಕ್ಕದಲ್ಲಿ ಅಕಾಂಪ್ರೊಸೇಟ್ 11 ಮಂದಿಯಲ್ಲಿ ಒಬ್ಬರಿಗೂ ನಾಲ್ಟ್ರೆಕ್ಸೋನ್ 18 ಮಂದಿಯಲ್ಲಿ ಒಬ್ಬರಿಗೂ ಹೆಚ್ಚುವರಿ ನೆರವು ಕೊಟ್ಟಿವೆ. ಯಕೃತ್ತಿಗೆ ಭಾರವಲ್ಲ, ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಕಿಡ್ನಿ ತೀರಾ ಕೆಟ್ಟವರಿಗೆ ಕೊಡುವುದಿಲ್ಲ. 333 ಮಿಲಿಗ್ರಾಂನ ಎರಡೆರಡು ಮಾತ್ರೆಗಳನ್ನು ದಿನಕ್ಕೆ ಮೂರು ಸಲ ನುಂಗಬೇಕಾದ ಕಿರಿಕಿರಿಯೇ ಇದರ ದೊಡ್ಡ ತೊಡಕು.

ಬ್ಯಾಕ್ಲೋಫೆನ್ ಬಗ್ಗೆ ಒಂದು ಮಾತು. ಸ್ನಾಯು ಸೆಳೆತಕ್ಕೆ ಕೊಡುವ ಈ ಹಳೆಯ ಮಾತ್ರೆಗೆ ಫ್ರಾನ್ಸ್ 2018ರಲ್ಲಿ ಮದ್ಯದ ಚಟಕ್ಕೂ ಅನುಮತಿ ನೀಡಿತು, ದಿನಕ್ಕೆ 80 ಮಿಲಿಗ್ರಾಂ ಮೀರದಂತೆ. ಯಕೃತ್ತು ಗಡುಸಾಗಿ ಸಿರೋಸಿಸ್ ಆಗಿರುವವರಲ್ಲಿ ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ 84 ರೋಗಿಗಳ ಪರೀಕ್ಷೆಯಲ್ಲಿ ಮದ್ಯದಿಂದ ದೂರ ಉಳಿದವರು ಬ್ಯಾಕ್ಲೋಫೆನ್ ಗುಂಪಿನಲ್ಲಿ ಶೇಕಡಾ 71, ಹುಸಿಮಾತ್ರೆ ಗುಂಪಿನಲ್ಲಿ ಶೇಕಡಾ 29. ಬೇರೆ ಪರೀಕ್ಷೆಗಳ ಫಲಿತಾಂಶ ಇಷ್ಟು ಸ್ಪಷ್ಟವಾಗಿಲ್ಲವಾದರೂ, ಬೇರೆ ಮಾತ್ರೆ ಕೊಡಲು ವೈದ್ಯರು ಹಿಂಜರಿಯುವ ಸಿರೋಸಿಸ್ ರೋಗಿಗಳಿಗೆ ಇದು ಬಹಳ ಬೆಲೆಯುಳ್ಳ ಆಯ್ಕೆ. ಮಂಪರು ತರುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ತೊಂದರೆ.

ಮನಸ್ಸಿನ ಮೇಲೆ ಪರಿಣಾಮ ಬೀರುವ ಬೇರೆ ಸಂಯುಕ್ತಗಳು

ಎಂಇಎಐ ಜೊತೆಗೆ ಹೆಸರು ಕೇಳಿಬರುವ ಸೈಲೊಸೈಬಿನ್ ಮತ್ತು ಕೆಟಮಿನ್ ಪುರಾವೆಯ ದೃಷ್ಟಿಯಿಂದ ಅದಕ್ಕಿಂತ ಬಹಳ ಮುಂದಿವೆ. ಕೆಲವು ಅಣಬೆಗಳಲ್ಲಿರುವ ಸೈಲೊಸೈಬಿನನ್ನು ನ್ಯೂಯಾರ್ಕ್‌ನ ಸಂಶೋಧಕರು ಮಾತಿನ ಚಿಕಿತ್ಸೆಯೊಂದಿಗೆ ಎರಡು ಸಲ ಕೊಟ್ಟು 32 ವಾರ ಗಮನಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವಿಪರೀತ ಕುಡಿದ ದಿನಗಳು ಶೇಕಡಾ 9.7ಕ್ಕೆ ಇಳಿದಿದ್ದವು, ಹೋಲಿಕೆಯ ಗುಂಪಿನಲ್ಲಿ ಅದು ಶೇಕಡಾ 23.6. ಆದರೆ ತಮಗೆ ಸಿಕ್ಕಿದ್ದು ಯಾವ ಔಷಧವೆಂದು ಬಹುತೇಕ ಎಲ್ಲರೂ ಊಹಿಸಿಬಿಟ್ಟಿದ್ದರು, ಆದ್ದರಿಂದ ನಿರೀಕ್ಷೆಯ ಪಾಲೆಷ್ಟು, ಔಷಧದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಭಾರತದಲ್ಲಿ ಸೈಲೊಸೈಬಿನ್ ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಪ್ರವಾಸಿ ತಾಣಗಳಲ್ಲಿ ಸಿಗುವ ಅಣಬೆಯನ್ನು ಚಿಕಿತ್ಸೆಯೆಂದು ಭಾವಿಸುವುದು ಕಾನೂನಿಗೂ ವಿರುದ್ಧ, ದೇಹಕ್ಕೂ ಅಪಾಯ. ಕೆಟಮಿನ್ ನಮ್ಮ ಆಸ್ಪತ್ರೆಗಳಲ್ಲಿ ಅರಿವಳಿಕೆಯಾಗಿ ಬಳಕೆಯಲ್ಲಿದೆ. ಇಂಗ್ಲೆಂಡಿನ ಎಕ್ಸೆಟರ್‌ನ ಸಂಶೋಧಕರ ನೇತೃತ್ವದಲ್ಲಿ ನಡೆದ 96 ಮಂದಿಯ ಪರೀಕ್ಷೆಯಲ್ಲಿ ಮೂರು ಸಲ ರಕ್ತನಾಳದ ಮೂಲಕ ಕೊಟ್ಟು, ಜೊತೆಗೆ ಮಾತಿನ ಚಿಕಿತ್ಸೆ ನೀಡಿದಾಗ ಆರು ತಿಂಗಳಲ್ಲಿ ಮದ್ಯವಿಲ್ಲದ ದಿನಗಳು ಹೆಚ್ಚಿದವು. ಅದೇ ಕೆಟಮಿನ್ ಸ್ವತಃ ಚಟವಾಗಬಲ್ಲದು, ದೀರ್ಘಕಾಲದ ದುರ್ಬಳಕೆಯಿಂದ ಮೂತ್ರಕೋಶವನ್ನು ಹಾಳುಮಾಡುತ್ತದೆ. ಆದ್ದರಿಂದ ಸಂಶೋಧನೆಯ ಚೌಕಟ್ಟಿನ ಹೊರಗೆ ಮದ್ಯದ ಚಟಕ್ಕೆಂದು ಅದನ್ನು ಆರಿಸಿಕೊಳ್ಳಿ ಎನ್ನಲು ನನಗೆ ಧೈರ್ಯವಿಲ್ಲ.

ಆಯ್ಕೆ ಮಾಡುವಾಗ

ಮೊದಲು ಗುರಿ ಸ್ಪಷ್ಟವಾಗಲಿ. ಪೂರ್ತಿ ಬಿಡಬೇಕೆಂಬ ಹಟವಿದ್ದು, ಮನೆಯಲ್ಲಿ ದಿನವೂ ಮಾತ್ರೆ ಕೊಡುವವರಿದ್ದು, ಹೃದಯ ಮತ್ತು ಯಕೃತ್ತು ಗಟ್ಟಿಯಿದ್ದರೆ ಡೈಸಲ್ಫಿರಾಮ್ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಬಿಟ್ಟಾಗಿದೆ, ಆದರೆ ನಿದ್ರೆಯಿಲ್ಲದ ಕಳವಳ ಮತ್ತೆ ಎಳೆಯುತ್ತಿದೆ ಎನ್ನುವವರಿಗೆ ಅಕಾಂಪ್ರೊಸೇಟ್ ಹೆಚ್ಚು ಒಪ್ಪುತ್ತದೆ. ವಾರಾಂತ್ಯದಲ್ಲಿ ಕುಳಿತರೆ ಏಳಲಾಗದಷ್ಟು ಕುಡಿಯುವವರು, ಕಡಿಮೆ ಮಾಡುವುದರಿಂದಲೇ ಆರಂಭಿಸಬೇಕೆನ್ನುವವರು ನಾಲ್ಟ್ರೆಕ್ಸೋನ್ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ಎಂಇಎಐ ಸುದ್ದಿಯಿಂದ ಆಸೆ ಮೂಡಿಸಿಕೊಂಡವರು ಹೆಚ್ಚಾಗಿ ಈ ಗುಂಪಿನವರೇ, ಅವರಿಗಾಗಿ ಪರೀಕ್ಷೆಗೊಂಡ ಔಷಧ ಈಗಾಗಲೇ ಇದೆ. ಯಾವುದನ್ನೇ ಆರಿಸಿದರೂ ಆಪ್ತಸಮಾಲೋಚನೆ ಜೊತೆಗಿರಬೇಕು. ಮೇಲೆ ಹೇಳಿದ ಒಳ್ಳೆಯ ಫಲಿತಾಂಶಗಳ ಹಿಂದೆ ಮಾತಿನ ನೆರವೋ ಮನೆಯವರ ಬೆಂಬಲವೋ ಇದ್ದೇ ಇತ್ತು.

ಹೊಸ ಔಷಧದ ಕೊರತೆಗಿಂತ ಇರುವ ಔಷಧ ತಲುಪದಿರುವುದೇ ನಮ್ಮಲ್ಲಿ ದೊಡ್ಡ ನೋವು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 2.9 ಕೋಟಿ ಭಾರತೀಯರು ಮದ್ಯಕ್ಕೆ ದಾಸರಾಗಿದ್ದರು. ಅಂತಹ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೂರದ ಊರಿನವರು 14416 ಸಂಖ್ಯೆಯ ಟೆಲಿ ಮಾನಸ್‌ಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಧರ್ಮಸ್ಥಳದ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಜೊತೆಗಾರರ ಬಲವನ್ನೂ ಮನೆಯವರ ಭಾಗವಹಿಸುವಿಕೆಯನ್ನೂ ಕೊಡುತ್ತವೆ. ಫಿಟ್ಸ್ ಬಂದ ಇತಿಹಾಸವಿರುವವರು ಮಾತ್ರ ಶಿಬಿರಕ್ಕೆ ಸೇರುವ ಮುನ್ನ ವೈದ್ಯರನ್ನು ಕಾಣಲೇಬೇಕು.

ಮೊದಲ ಭೇಟಿಗೆ ಹೋಗುವಾಗ ದಿನಕ್ಕೆ ಎಷ್ಟು, ಯಾವ ಬಗೆಯ ಮದ್ಯ, ಕೊನೆಯದಾಗಿ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಏನಾಯಿತು ಎಂಬುದನ್ನು ಬರೆದುಕೊಂಡು ಹೋಗಿ. ಯಕೃತ್ತು ಮತ್ತು ಮೂತ್ರಪಿಂಡದ ಹಳೆಯ ವರದಿಗಳಿದ್ದರೆ ಆಯ್ಕೆ ಅರ್ಧದಷ್ಟು ಅಲ್ಲೇ ತೀರ್ಮಾನವಾಗುತ್ತದೆ. ಬಿ.ಪಿ., ಸಕ್ಕರೆ, ನೋವು, ಕೆಮ್ಮು, ನಿದ್ರೆ ಎಂದು ಮನೆಯಲ್ಲಿ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಿಂದಿನ ವಾರ ನುಂಗಿದ ನೋವಿನ ಮಾತ್ರೆಯ ಹೆಸರು ತಿಳಿಯದೆ ವೈದ್ಯರು ನಾಲ್ಟ್ರೆಕ್ಸೋನ್ ಆರಂಭಿಸುವಂತಿಲ್ಲ.